ಕೊರೊನಾ ಸೋಂಕು ತೀವ್ರವಾದಾಗ ದೇಹದೊಳಗೆ ಆಗುವುದೇನು?

(ಗ್ರಾಮೀಣ ದಂಪತಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಪಾಠ)



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದಷ್ಟೇ ಅಲ್ಲ. ಹುಟ್ಟಿದ ಮಕ್ಕಳ ಪಾಲಿಗೆ ತಾಯಿ ತಂದೆಯರಿಬ್ಬರೂ ಆರೋಗ್ಯವಂತರಾಗಿ ಬಹುಕಾಲ ಉಳಿಯುವಂತೆ ನೋಡಿಕೊಳ್ಳುವುದೂ ಅದರ ಮುಖ್ಯ ಉದ್ದೇಶವಾಗಿದೆ. ದುಡಿಯುವ ತಂದೆಯೋ ಸಾಕುವ ತಾಯಿಯೋ ಅಕಾಲದಲ್ಲಿ ತೀರಿಕೊಂಡರೆ ಸಂಸಾರದ ಗತಿ ಏನಾಗುತ್ತದೆಂಬುದನ್ನು 2020 ಮತ್ತು 2021ನೆಯ ಇಸವಿಗಳಲ್ಲಿ ನಮ್ಮ ಹಳ್ಳಿಗಳು ಕಣ್ಣಾರೆ ಕಂಡಿವೆ.

ಆ ದಿನಗಳಲ್ಲಿ ಅನೇಕ ಮನೆಗಳಿಂದ ಒಂದೇ ಬಗೆಯ ಮಾತು ಕೇಳಿಬರುತ್ತಿತ್ತು: "ನಿನ್ನೆಯವರೆಗೂ ಚೆನ್ನಾಗಿ ಮಾತನಾಡುತ್ತಿದ್ದರು, ಎದ್ದು ಓಡಾಡುತ್ತಿದ್ದರು, ಇದ್ದಕ್ಕಿದ್ದಂತೆ ಹೀಗಾಯಿತು." ಈ ಮಾತಿನಲ್ಲಿರುವ ದುಃಖ ನಿಜವಾದದ್ದು. ಆದರೆ ಅದರಲ್ಲಿ ಪೂರ್ಣ ಸತ್ಯವಿಲ್ಲ. ತೀವ್ರ ಕೊರೊನಾ ಸಾಮಾನ್ಯವಾಗಿ ಇದ್ದಕ್ಕಿದ್ದಂತೆ ಬಂದೆರಗುವುದಿಲ್ಲ. ರೋಗಿಗೆ ತೊಂದರೆಯೆನಿಸುವ ಮೊದಲೇ ಅದು ದೇಹದೊಳಗೆ ಸದ್ದಿಲ್ಲದೆ ತನ್ನ ಕೆಲಸವನ್ನು ಆರಂಭಿಸಿರುತ್ತದೆ. ಆ ಹಾನಿ ಹೇಗೆ ನಡೆಯುತ್ತದೆಂಬುದನ್ನು ಅರಿತವರು ಅದರ ಗುರುತುಗಳನ್ನು ಮನೆಯಲ್ಲಿಯೇ ಕಂಡುಹಿಡಿಯಬಲ್ಲರು. ಸಕಾಲದಲ್ಲಿ ಕಂಡುಹಿಡಿದರೆ ಜೀವವನ್ನು ಉಳಿಸಿಕೊಳ್ಳುವ ಅವಕಾಶ ಹೆಚ್ಚುತ್ತದೆ. ಈ ವಿಷಯವನ್ನೇ ಇಂದು ತಮ್ಮ ಮುಂದೆ ಇಡಲು ಬಯಸುತ್ತೇನೆ.

2019ರ ಡಿಸೆಂಬರಿನಲ್ಲಿ ಚೀನಾ ದೇಶದ ವುಹಾನ್ ನಗರದಲ್ಲಿ ಈ ರೋಗವು ಮೊದಲಿಗೆ ಗುರುತಿಸಲ್ಪಟ್ಟಿತು. 2020ರ ಜನವರಿ 30ರಂದು ಕೇರಳದಲ್ಲಿ ಭಾರತದ ಮೊದಲ ರೋಗಿಯು ಪತ್ತೆಯಾದುದೂ, ಅದೇ ವರ್ಷದ ಮಾರ್ಚಿನಲ್ಲಿ ಈ ರೋಗದಿಂದ ದೇಶದ ಮೊದಲ ಸಾವು ನಮ್ಮ ಕಲಬುರಗಿಯಲ್ಲಿ ಸಂಭವಿಸಿದುದೂ ತಮಗೆ ನೆನಪಿರಬಹುದು. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಡೆಲ್ಟಾ ಎಂಬ ರೂಪಾಂತರವು ಹಳ್ಳಿಹಳ್ಳಿಗೂ ಹಬ್ಬಿತು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ತುರ್ತುಪರಿಸ್ಥಿತಿ ಮುಗಿದಿದೆಯೆಂದು ಸಾರಿತು. ಆದರೆ ವೈರಸ್ ನಮ್ಮ ನಡುವೆ ಉಳಿದೇ ಇದೆ. ಲಸಿಕೆಯಿಂದಲೂ ಹಿಂದೆ ಬಂದು ಹೋದ ಸೋಂಕಿನಿಂದಲೂ ಈಗ ಬಹುಪಾಲು ಜನರಿಗೆ ಇದು ನೆಗಡಿ, ಜ್ವರದಲ್ಲಿಯೇ ಮುಗಿಯುತ್ತದೆ. ಆದರೂ ವೃದ್ಧರಲ್ಲಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ರೋಗವುಳ್ಳವರಲ್ಲಿ ಮತ್ತು ಗರ್ಭಿಣಿಯರಲ್ಲಿ ಅದು ಇಂದಿಗೂ ತೀವ್ರರೂಪ ತಾಳಬಹುದು.

ವೈರಸ್ ಒಳಹೊಗುವ ಬಗೆ

ನಮ್ಮ ದೇಹವು ಕಣ್ಣಿಗೆ ಕಾಣದ ಕೋಟ್ಯಂತರ ಜೀವಕೋಶಗಳಿಂದ ಕಟ್ಟಲ್ಪಟ್ಟಿದೆ. ಒಂದೇ ಬಗೆಯ ಕೋಶಗಳು ಒಟ್ಟುಗೂಡಿ ಅಂಗಾಂಶವಾಗುತ್ತವೆ. ಅಂಗಾಂಶಗಳು ಕೂಡಿ ಹೃದಯ, ಶ್ವಾಸಕೋಶ ಮೊದಲಾದ ಅಂಗಗಳಾಗುತ್ತವೆ. ವೈರಸ್ ತಾನಾಗಿಯೇ ಬೆಳೆಯಲಾರದು. ಅದು ಯಾವುದಾದರೊಂದು ಜೀವಕೋಶದ ಒಳಹೊಕ್ಕು, ಆ ಕೋಶದ ಸಾಮಗ್ರಿಯನ್ನೇ ಬಳಸಿಕೊಂಡು ತನ್ನಂಥ ಸಾವಿರಾರು ವೈರಸ್‌ಗಳನ್ನು ಉತ್ಪಾದಿಸುತ್ತದೆ.

ಒಳಹೋಗಲು ಬಾಗಿಲು ಬೇಕಷ್ಟೆ. ಕೊರೊನಾ ವೈರಸ್ಸಿನ ಮೈಮೇಲೆ ಮುಳ್ಳುಗಳಂತಹ ರಚನೆಗಳಿವೆ. ನಮ್ಮ ಕೆಲವು ಜೀವಕೋಶಗಳ ಹೊರಮೈಯಲ್ಲಿ ಎಸಿಇ-2 ಎಂಬ ಒಂದು ಪ್ರೋಟೀನು ಇರುತ್ತದೆ. ಬೀಗಕ್ಕೆ ಕೀಲಿಕೈ ಹೊಂದುವಂತೆ ಆ ಮುಳ್ಳು ಈ ಪ್ರೋಟೀನಿಗೆ ಹೊಂದಿಕೊಳ್ಳುತ್ತದೆ. ಈ ಬೀಗವು ಮೂಗಿನಲ್ಲಿಯೂ ಶ್ವಾಸಕೋಶದಲ್ಲಿಯೂ ಮಾತ್ರವಲ್ಲದೆ ಕರುಳು, ಮೂತ್ರಪಿಂಡ, ಹೃದಯ ಮತ್ತು ರಕ್ತನಾಳಗಳಲ್ಲಿಯೂ ಉಂಟು. ಉಸಿರಿನ ದಾರಿಯಿಂದ ಬರುವ ಕಾಯಿಲೆಯು ದೇಹದ ಇತರ ಭಾಗಗಳನ್ನೂ ತಟ್ಟಲು ಇದು ಒಂದು ಕಾರಣ.

ಅಂಗಗಳಿಗೆ ಹಾನಿಯಾಗುವ ದಾರಿಗಳು ಮುಖ್ಯವಾಗಿ ನಾಲ್ಕು. ವೈರಸ್ ತಾನೇ ಕೋಶಗಳನ್ನು ಕೆಡಿಸುವುದು ಒಂದು. ಅದನ್ನು ಎದುರಿಸಲು ಹೊರಟ ದೇಹದ ರಕ್ಷಣಾಶಕ್ತಿ ಮಿತಿಮೀರಿ ಸ್ವಂತ ಅಂಗಾಂಶಗಳನ್ನೇ ಸುಡುವುದು ಎರಡು. ರಕ್ತವು ನಾಳಗಳೊಳಗೇ ಹೆಪ್ಪುಗಟ್ಟುವುದು ಮೂರು. ರಕ್ತದಲ್ಲಿ ಆಮ್ಲಜನಕವು ಕಡಿಮೆಯಾಗಿ ಎಲ್ಲ ಅಂಗಗಳೂ ಬಡವಾಗುವುದು ನಾಲ್ಕು. ಈ ನಾಲ್ಕೂ ಒಂದಕ್ಕೊಂದು ಬೆಂಬಲವಾದಾಗ ರೋಗವು ಪ್ರಾಣಾಂತಿಕವಾಗುತ್ತದೆ.

ಶ್ವಾಸಕೋಶ: ಮೊದಲ ಪೆಟ್ಟು

ಶ್ವಾಸಕೋಶದೊಳಗೆ ಗಾಳಿಯ ಕೊಳವೆಗಳು ಮರದ ಕೊಂಬೆಗಳಂತೆ ಕವಲೊಡೆದು, ಕೊನೆಯಲ್ಲಿ ದ್ರಾಕ್ಷಿಯ ಗೊಂಚಲುಗಳಂತಹ ಅತಿ ಸಣ್ಣ ಗಾಳಿಚೀಲಗಳಲ್ಲಿ ಮುಕ್ತಾಯವಾಗುತ್ತವೆ. ವಯಸ್ಕರಲ್ಲಿ ಇಂತಹ ಚೀಲಗಳು 30 ಕೋಟಿಗೂ ಹೆಚ್ಚು. ಒಂದೊಂದು ಚೀಲದ ಸುತ್ತಲೂ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳ ಬಲೆ ಇರುತ್ತದೆ. ಉಸಿರಿನೊಡನೆ ಬಂದ ಆಮ್ಲಜನಕವು ಚೀಲದ ತೆಳುಗೋಡೆಯನ್ನು ದಾಟಿ ರಕ್ತವನ್ನು ಸೇರುತ್ತದೆ. ರಕ್ತದಲ್ಲಿದ್ದ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಇದು ಹಗಲಿರುಳೂ ನಡೆಯುವ ಕೊಡುಕೊಳ್ಳುವಿಕೆ.

ಗಾಳಿಚೀಲಗಳ ಒಳಗೋಡೆಯಲ್ಲಿ ಜಿಡ್ಡಿನಂತಹ ಒಂದು ದ್ರವವನ್ನು ಸ್ರವಿಸುವ ಕೋಶಗಳಿವೆ. ಉಸಿರು ಬಿಟ್ಟಾಗ ಚೀಲವು ಮುಚ್ಚಿ ಅಂಟಿಕೊಳ್ಳದಂತೆ ಈ ಜಿಡ್ಡು ಕಾಪಾಡುತ್ತದೆ. ದುರ್ದೈವವೆಂದರೆ, ಈ ಕೋಶಗಳ ಮೇಲೆಯೇ ವೈರಸ್ ಮುಖ್ಯವಾಗಿ ಎರಗುತ್ತದೆ. ಜಿಡ್ಡು ಕಡಿಮೆಯಾದಂತೆ ಚೀಲಗಳು ಕುಸಿಯುತ್ತವೆ. ಸುತ್ತಲಿನ ರಕ್ತನಾಳಗಳ ಗೋಡೆಗಳು ಊದಿಕೊಂಡು ಸೋರತೊಡಗುತ್ತವೆ. ಗಾಳಿ ಇರಬೇಕಾದ ಸ್ಥಳದಲ್ಲಿ ನೀರು ತುಂಬುತ್ತದೆ. ಬದು ಒಡೆದು ನೀರು ನಿಂತ ಹೊಲದಲ್ಲಿ ಬೆಳೆಯ ಬೇರು ಉಸಿರುಕಟ್ಟುವಂತೆ, ನೀರು ತುಂಬಿದ ಶ್ವಾಸಕೋಶದಲ್ಲಿ ಮನುಷ್ಯನ ಉಸಿರು ಕಟ್ಟುತ್ತದೆ. ದಿನಗಳು ಕಳೆದಂತೆ ಚೀಲಗಳ ಒಳಮೈಗೆ ಸತ್ತ ಕೋಶಗಳೂ ಪ್ರೋಟೀನೂ ಸೇರಿದ ಗಾಜಿನಂತಹ ಪದರವೊಂದು ಅಂಟಿಕೊಳ್ಳುತ್ತದೆ. ಆಗ ಹೊರಗಿನಿಂದ ಆಮ್ಲಜನಕವನ್ನು ಕೊಟ್ಟರೂ ಅದು ರಕ್ತಕ್ಕೆ ಸೇರುವುದು ದುಸ್ತರವಾಗುತ್ತದೆ.

ಇಲ್ಲಿಯೇ ತಾವು ಗಮನಿಸಬೇಕಾದ ಅತಿ ಮುಖ್ಯವಾದ ಸಂಗತಿಯೊಂದಿದೆ. ನಮಗೆ ಏದುಸಿರು ಬರುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಿದಾಗ. ಆಮ್ಲಜನಕವು ತುಸು ಕಡಿಮೆಯಾದ ಮಾತ್ರಕ್ಕೆ ಅಲ್ಲ. ಕೊರೊನಾದ ಆರಂಭದ ಘಟ್ಟದಲ್ಲಿ ಆಮ್ಲಜನಕ ಇಳಿಯುತ್ತಿದ್ದರೂ ಇಂಗಾಲದ ಡೈ ಆಕ್ಸೈಡ್ ಸುಲಭವಾಗಿ ಹೊರಹೋಗುತ್ತಲೇ ಇರುತ್ತದೆ. ಆದ್ದರಿಂದ ಕೆಲವು ರೋಗಿಗಳು ತಮಗೆ ಏನೂ ತೊಂದರೆಯಿಲ್ಲವೆಂದೇ ಭಾವಿಸುತ್ತಾರೆ. ಕುಳಿತು ಊಟ ಮಾಡುತ್ತಾರೆ, ದನಕರುಗಳ ಯೋಗಕ್ಷೇಮ ವಿಚಾರಿಸುತ್ತಾರೆ. ಒಳಗೆ ಮಾತ್ರ ಅಂಗಗಳು ಆಮ್ಲಜನಕವಿಲ್ಲದೆ ಸೊರಗುತ್ತಿರುತ್ತವೆ. "ನಿನ್ನೆಯವರೆಗೂ ಚೆನ್ನಾಗಿದ್ದರು" ಎಂಬ ಮಾತಿನ ಹಿಂದಿನ ರಹಸ್ಯ ಇದೇ ಆಗಿದೆ. ಉಬ್ಬಸ ಬರಲಿ, ಆಮೇಲೆ ಆಸ್ಪತ್ರೆಗೆ ಹೋಗೋಣವೆಂದು ಕಾಯುವುದು ಅಪಾಯಕರ.

ಬೇಲಿಯೇ ಹೊಲ ಮೇಯುವ ಘಟ್ಟ

ರೋಗಾಣು ಹೊಕ್ಕಾಗ ರಕ್ತದ ಬಿಳಿ ಕಣಗಳು ಎಚ್ಚೆತ್ತು ರಾಸಾಯನಿಕ ಸಂಕೇತಗಳ ಮೂಲಕ ಒಂದನ್ನೊಂದು ಕರೆದುಕೊಳ್ಳುತ್ತವೆ. ಬಹುತೇಕ ಜನರಲ್ಲಿ ಈ ಹೋರಾಟವು ಒಂದು ವಾರದಲ್ಲಿ ಮುಗಿದು ಜ್ವರ ಇಳಿಯುತ್ತದೆ. ಕೆಲವರಲ್ಲಿ ಮಾತ್ರ ಈ ಕರೆ ನಿಲ್ಲುವುದೇ ಇಲ್ಲ. ವೈರಸ್ಸಿನ ಸಂಖ್ಯೆ ಇಳಿಮುಖವಾದ ಮೇಲೂ ಉರಿಯೂತವು ಏರುತ್ತಲೇ ಹೋಗುತ್ತದೆ. ಹೊಲವನ್ನು ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಂತೆ, ಕಾಪಾಡಬೇಕಾದ ಶಕ್ತಿಯೇ ಶ್ವಾಸಕೋಶ, ಹೃದಯ, ರಕ್ತನಾಳಗಳನ್ನು ಘಾಸಿಗೊಳಿಸುತ್ತದೆ. ರೋಗಲಕ್ಷಣಗಳು ಆರಂಭವಾದ ಐದನೆಯ ದಿನದಿಂದ ಹತ್ತನೆಯ ದಿನದವರೆಗಿನ ಅವಧಿಯನ್ನು ವೈದ್ಯರು ಅತಿ ಜಾಗರೂಕತೆಯಿಂದ ಗಮನಿಸುವುದು ಈ ಕಾರಣದಿಂದಲೇ. ಐದಾರು ದಿನ ಕಳೆಯಿತು, ಇನ್ನು ಭಯವಿಲ್ಲವೆಂದು ಆಗಲೇ ಮೈಮರೆಯಕೂಡದು.

ಈ ಉರಿಯೂತವನ್ನು ತಗ್ಗಿಸಲು ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಔಷಧವು ನೆರವಾಗುತ್ತದೆಂದು 2020ರ ಜೂನ್ ತಿಂಗಳಿನಲ್ಲಿ ಇಂಗ್ಲೆಂಡಿನ ರಿಕವರಿ ಎಂಬ ದೊಡ್ಡ ಪ್ರಯೋಗದಿಂದ ತಿಳಿದುಬಂದಿತು. ಕೃತಕ ಉಸಿರಾಟದ ಯಂತ್ರದಲ್ಲಿದ್ದ ರೋಗಿಗಳ ಸಾವು ಅದರಿಂದ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಯಿತು. ಆದರೆ ಆಮ್ಲಜನಕದ ಅವಶ್ಯಕತೆಯೇ ಇಲ್ಲದ ರೋಗಿಗಳಿಗೆ ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ. ಎಂದರೆ, ಇದು ತಕ್ಕ ಸಮಯದಲ್ಲಿ ವೈದ್ಯರೇ ಕೊಡಬೇಕಾದ ಔಷಧ. 2021ರಲ್ಲಿ ಕೆಲವರು ಇಂತಹ ಮಾತ್ರೆಗಳನ್ನು ಅಂಗಡಿಯಿಂದ ತಾವೇ ಕೊಂಡು ನುಂಗಿದರು. ಸ್ಟಿರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರ ಮೂಗು, ಕಣ್ಣು, ದವಡೆಗಳನ್ನು ಕೊಳೆಸುವ ಕಪ್ಪು ಶಿಲೀಂಧ್ರ ರೋಗವು ಆ ವರ್ಷ ದೇಶದಲ್ಲೆಲ್ಲ ಹೆಚ್ಚಲು ಇದೂ ಒಂದು ಕಾರಣವಾಯಿತು.

ರಕ್ತ, ಹೃದಯ ಮತ್ತು ಮಿದುಳು

ಆರೋಗ್ಯವಂತನ ರಕ್ತನಾಳದ ಒಳಮೈ ನುಣುಪಾಗಿರುತ್ತದೆ. ರಕ್ತವು ಅದರಲ್ಲಿ ತಡೆಯಿಲ್ಲದೆ ಹರಿಯುತ್ತದೆ. ತೀವ್ರ ಕೊರೊನಾದಲ್ಲಿ ಈ ಒಳಮೈ ಘಾಸಿಗೊಂಡು ಒರಟಾಗುತ್ತದೆ. ಗಾಯವಾದಾಗ ರಕ್ತವನ್ನು ನಿಲ್ಲಿಸಲೆಂದು ಪ್ರಕೃತಿಯು ಕೊಟ್ಟಿರುವ ಹೆಪ್ಪುಗಟ್ಟುವ ಗುಣವು, ಗಾಯವೇ ಇಲ್ಲದ ಕಡೆಯಲ್ಲಿ ನಾಳದೊಳಗೆ ಕೆಲಸ ಮಾಡತೊಡಗುತ್ತದೆ. ಹೂಳು ತುಂಬಿದ ಕಾಲುವೆಯ ಕೊನೆಯ ಗದ್ದೆಗೆ ನೀರು ತಲುಪದಿರುವಂತೆ, ಹೆಪ್ಪುಗಟ್ಟಿದ ನಾಳದ ಆಚೆಗಿರುವ ಅಂಗಾಂಶಕ್ಕೆ ರಕ್ತವು ತಲುಪುವುದಿಲ್ಲ.

ಕಾಲಿನ ದೊಡ್ಡ ನಾಳದಲ್ಲಿ ಹೆಪ್ಪು ಉಂಟಾದರೆ ಒಂದೇ ಕಾಲು ಊದಿಕೊಂಡು ನೋಯುತ್ತದೆ. ಅದರ ತುಣುಕು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಎದೆನೋವು, ಉಬ್ಬಸ ಒಮ್ಮೆಲೇ ಬರುತ್ತವೆ. ಹೃದಯದ ನಾಳದಲ್ಲಾದರೆ ಹೃದಯಾಘಾತ. ಮಿದುಳಿನ ನಾಳದಲ್ಲಾದರೆ ಪಾರ್ಶ್ವವಾಯು. ಅಲ್ಲದೆ, ಉರಿಯೂತದಿಂದ ಹೃದಯದ ಸ್ನಾಯುವೇ ದುರ್ಬಲವಾಗಿ ಬಡಿತವು ಲಯತಪ್ಪುವುದೂ ಉಂಟು. ಆಮ್ಲಜನಕದ ಕೊರತೆ ಮಿದುಳನ್ನು ತಟ್ಟಿದಾಗ ರೋಗಿಯು ಅಸಂಬದ್ಧವಾಗಿ ಮಾತನಾಡುತ್ತಾನೆ, ಮನೆಯವರ ಗುರುತು ಹಿಡಿಯಲು ತಡವರಿಸುತ್ತಾನೆ, ಇಲ್ಲವೆ ಹಗಲಿಡೀ ಮಂಪರಿನಲ್ಲಿರುತ್ತಾನೆ. ಇದನ್ನು ಜ್ವರದ ಬಡಬಡಿಕೆಯೆಂದೋ ಗಾಳಿ ಸೋಕಿದೆಯೆಂದೋ ತಿಳಿದು ಕಾಲಹರಣ ಮಾಡಬಾರದು.

ವಾಸನೆ ತಿಳಿಯದಿರುವುದು ಇಷ್ಟು ಭಯಪಡುವ ಸಂಗತಿಯಲ್ಲ. ಅಲ್ಲಿ ಹೆಚ್ಚಾಗಿ ಹಾಳಾಗುವುದು ವಾಸನೆಯ ನರಗಳಲ್ಲ, ಅವುಗಳಿಗೆ ಆಸರೆಯಾಗಿರುವ ಕೋಶಗಳು. ಅವು ಮತ್ತೆ ಬೆಳೆಯುವುದರಿಂದ ಬಹುತೇಕ ಜನರಿಗೆ ವಾಸನೆಯ ಅರಿವು ಮರಳುತ್ತದೆ.

ಮೂತ್ರಪಿಂಡ, ಯಕೃತ್ತು ಮತ್ತು ಕರುಳು

ಮೂತ್ರಪಿಂಡಗಳು ದೇಹದ ಜರಡಿಗಳು. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿದ್ದು, ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ಸೋಸುತ್ತವೆ. ಅದರಲ್ಲಿ ಬಹುಭಾಗವನ್ನು ದೇಹಕ್ಕೆ ಹಿಂದಿರುಗಿಸಿ, ಉಳಿದ ಒಂದೆರಡು ಲೀಟರನ್ನು ಮೂತ್ರವಾಗಿ ಹೊರಹಾಕುತ್ತವೆ. ಈ ಕಾರ್ಯಕ್ಕೆ ಧಾರಾಳವಾಗಿ ರಕ್ತವೂ ಆಮ್ಲಜನಕವೂ ಬೇಕು. ತೀವ್ರ ಸೋಂಕಿನಲ್ಲಿ ರಕ್ತದೊತ್ತಡವು ಕುಸಿದಾಗ, ಸಣ್ಣ ನಾಳಗಳು ಕಟ್ಟಿಕೊಂಡಾಗ, ಶೋಧಕಗಳ ಒಳಪದರದ ಕೋಶಗಳು ಸಾಯುತ್ತವೆ. ಮೂತ್ರವು ಕಡಿಮೆಯಾಗುತ್ತದೆ, ಮುಖ, ಕಾಲು ಊದಿಕೊಳ್ಳುತ್ತವೆ, ಕಲ್ಮಶಗಳು ರಕ್ತದಲ್ಲಿಯೇ ಉಳಿಯುತ್ತವೆ. ಕೆಲವು ರೋಗಿಗಳಿಗೆ ಡಯಾಲಿಸಿಸ್ ಯಂತ್ರದ ನೆರವು ಬೇಕಾಗುವುದು ಇಂತಹ ಸಂದರ್ಭದಲ್ಲಿ. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಪದೇ ಪದೇ ನುಂಗುವುದರಿಂದಲೂ ಮೂತ್ರಪಿಂಡಕ್ಕೆ ಅಪಾಯವಿದೆ.

ಯಕೃತ್ತಿಗೆ ಆಗುವ ಹಾನಿ ಸಾಮಾನ್ಯವಾಗಿ ಅಲ್ಪಪ್ರಮಾಣದ್ದಾಗಿದ್ದು ರೋಗ ಗುಣವಾದಂತೆ ಸರಿಹೋಗುತ್ತದೆ. ಕರುಳಿಗೆ ಸೋಂಕು ತಗಲಿದವರಲ್ಲಿ ಭೇದಿ, ವಾಂತಿ ಕಾಣಿಸಿಕೊಳ್ಳಬಹುದು. ಅಂಥವರಿಗೆ ಗಂಜಿ, ಎಳನೀರು, ಮಜ್ಜಿಗೆ ಅಥವಾ ಆರೋಗ್ಯ ಕೇಂದ್ರದಲ್ಲಿ ದೊರೆಯುವ ಓ.ಆರ್.ಎಸ್. ಪುಡಿ ಕದಡಿದ ನೀರನ್ನು ಕೊಡುತ್ತಿರಬೇಕು. ಆದರೆ ಮೂತ್ರ ಕಡಿಮೆಯಾಗಿ ಮೈ ಊದಿಕೊಂಡಿರುವವರಿಗೆ ಎಷ್ಟು ನೀರು ಕೊಡಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಗರ್ಭಿಣಿಯರು ಮತ್ತು ಬಾಣಂತಿಯರು

ಗರ್ಭಿಣಿಯು ಇಬ್ಬರಿಗಾಗಿ ಉಸಿರಾಡುತ್ತಾಳೆ. ಆಕೆಗೆ ಬೇಕಾಗುವ ಆಮ್ಲಜನಕ ಹೆಚ್ಚು. ಆದರೆ ಬೆಳೆಯುವ ಗರ್ಭಕೋಶವು ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶಕ್ಕೆ ಅರಳಲು ಇರುವ ಸ್ಥಳ ಕಡಿಮೆ. ಹೆರಿಗೆಯಲ್ಲಿ ಅತಿಯಾಗಿ ರಕ್ತ ಹೋಗದಿರಲೆಂದು ಆಕೆಯ ರಕ್ತವು ಸಹಜವಾಗಿಯೇ ಬೇಗ ಹೆಪ್ಪುಗಟ್ಟುವ ಗುಣವನ್ನು ಪಡೆದಿರುತ್ತದೆ. ಇದರ ಮೇಲೆ ಕೊರೊನಾ ಬಂದು ಸೇರಿದರೆ ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಗಿ ಬರುವ ಸಂಭವವು ಅದೇ ವಯಸ್ಸಿನ ಇತರ ಹೆಂಗಸರಿಗಿಂತ ಹೆಚ್ಚಾಗಿರುತ್ತದೆ. ಮಗುವಿಗೆ ಆಹಾರ, ಆಮ್ಲಜನಕಗಳನ್ನು ಒದಗಿಸುವ ಮಾಸುವಿಗೂ ಈ ಸೋಂಕಿನಿಂದ ಹಾನಿಯಾಗುವುದುಂಟು. ಆಗ ಅವಧಿಗೆ ಮುನ್ನ ಹೆರಿಗೆಯಾಗಬಹುದು. ಕೆಲವೊಮ್ಮೆ ಮಗು ಗರ್ಭದಲ್ಲಿಯೇ ಅಳಿಯಬಹುದು. ಆದ್ದರಿಂದ ಜ್ವರ, ಕೆಮ್ಮು ಬಂದ ಗರ್ಭಿಣಿಯು ಐದನೆಯ ದಿನದವರೆಗೆ ಕಾಯದೆ ಮೊದಲ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು. ಮಗುವಿನ ಚಲನೆ ಕಡಿಮೆಯಾದಂತೆ ತೋರಿದರೆ ಒಂದು ಗಳಿಗೆಯೂ ತಡಮಾಡಬಾರದು.

ಬಾಣಂತಿಗೆ ಸೋಂಕು ತಗಲಿದರೆ ಮಗುವಿಗೆ ಮೊಲೆಹಾಲನ್ನು ನಿಲ್ಲಿಸಬೇಕಾಗಿಲ್ಲ. ಕೈಗಳನ್ನು ಸಾಬೂನಿನಿಂದ ತೊಳೆದು, ಬಾಯಿ ಮೂಗುಗಳಿಗೆ ಮುಖಗವಸು ಕಟ್ಟಿಕೊಂಡು ಹಾಲೂಡಿಸಬಹುದು. ತಾಯಿಯ ದೇಹದಲ್ಲಿ ಉಂಟಾದ ರಕ್ಷಣಾವಸ್ತುಗಳು ಹಾಲಿನ ಮೂಲಕ ಮಗುವಿಗೂ ದೊರೆಯುತ್ತವೆ.

ದಂಪತಿಗಳು ಮಾಡಬೇಕಾದುದೇನು?

ನಮ್ಮ ಮನೆಗಳಲ್ಲಿ ಒಂದು ರೂಢಿಯುಂಟು. ಗೃಹಿಣಿಯು ತನ್ನ ಕಾಯಿಲೆಯನ್ನು ಹೇಳಿಕೊಳ್ಳುವುದಿಲ್ಲ. ಅಡಿಗೆ, ಹಾಲು ಕರೆಯುವುದು, ಮಕ್ಕಳ ಕೆಲಸ ಎಲ್ಲ ಮುಗಿದ ಮೇಲೆ ಮಲಗಿದರಾಯಿತೆಂದು ಸಹಿಸುತ್ತಾಳೆ. ಯಜಮಾನನಾದರೋ ಬಿತ್ತನೆಯ ಹದ ತಪ್ಪುವುದೆಂದು, ಕೂಲಿ ಹೋಗುವುದೆಂದು ಜ್ವರವನ್ನು ಬಚ್ಚಿಡುತ್ತಾನೆ. ಸದ್ದಿಲ್ಲದೆ ಹಾನಿಮಾಡುವ ಈ ರೋಗಕ್ಕೆ ಇಂತಹ ಮೌನವೇ ದೊಡ್ಡ ಸಹಾಯ. ಆದುದರಿಂದ ಪತಿಯು ಪತ್ನಿಯನ್ನೂ ಪತ್ನಿಯು ಪತಿಯನ್ನೂ ಗಮನಿಸುವುದು ಪರಸ್ಪರರ ಕರ್ತವ್ಯವಾಗಿದೆ.

ಇದಕ್ಕೆ ಬೇಕಾದ ಮೊದಲ ಸಾಧನವು ಸೆಕೆಂಡಿನ ಮುಳ್ಳುಳ್ಳ ಒಂದು ಗಡಿಯಾರ ಅಥವಾ ಮೊಬೈಲ್ ಫೋನು ಮಾತ್ರ. ರೋಗಿಯನ್ನು ಹತ್ತು ನಿಮಿಷ ಸುಮ್ಮನೆ ಕುಳ್ಳಿರಿಸಿ, ಮಾತನಾಡಿಸದೆ, ಪೂರ್ತಿ ಒಂದು ನಿಮಿಷ ಎದೆ ಅಥವಾ ಹೊಟ್ಟೆಯ ಏರಿಳಿತವನ್ನು ಎಣಿಸಿರಿ. ಒಂದು ಬಾರಿ ಏರಿ ಇಳಿದರೆ ಒಂದು ಉಸಿರು. ದೊಡ್ಡವರಲ್ಲಿ ಅದು ನಿಮಿಷಕ್ಕೆ 24 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ರೋಗಿಯು "ನಾನು ಚೆನ್ನಾಗಿದ್ದೇನೆ" ಎಂದರೂ ಆಸ್ಪತ್ರೆಗೆ ಕರೆದೊಯ್ಯಬೇಕು. ದಿನಕ್ಕೆ ಮೂರು ನಾಲ್ಕು ಬಾರಿ ಎಣಿಸಿ ಬರೆದಿಡುವುದು ಉತ್ತಮ.

ಬೆರಳಿಗೆ ಸಿಕ್ಕಿಸಿ ಆಮ್ಲಜನಕವನ್ನು ಅಳೆಯುವ ಆಕ್ಸಿಮೀಟರ್ ಎಂಬ ಸಣ್ಣ ಉಪಕರಣವು ಆಶಾ ಕಾರ್ಯಕರ್ತೆಯ ಬಳಿಯೋ ಆರೋಗ್ಯ ಕೇಂದ್ರದಲ್ಲಿಯೋ ದೊರೆತರೆ ಅದನ್ನೂ ಬಳಸಿರಿ. ಅದು 94ಕ್ಕಿಂತ ಕಡಿಮೆ ತೋರಿಸಿದರೆ ವೈದ್ಯರನ್ನು ಕೂಡಲೇ ಕಾಣಬೇಕು. 90ಕ್ಕಿಂತ ಕಡಿಮೆಯಾದರೆ ಅದು ತೀವ್ರಾವಸ್ಥೆ. ಬೆರಳಿನಲ್ಲಿ ಗೋರಂಟಿ, ಉಗುರಿನಲ್ಲಿ ಬಣ್ಣ ಇದ್ದರೆ ಅಥವಾ ಕೈ ತಣ್ಣಗಿದ್ದರೆ ಉಪಕರಣವು ತಪ್ಪು ತೋರಿಸಬಹುದು. ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ತುಸು ಹೆಚ್ಚಾಗಿ ತೋರಿಸುವುದೂ ಉಂಟು. ಆದ್ದರಿಂದ ಅಂಕಿ ಸರಿಯಾಗಿದ್ದರೂ ಉಸಿರಿನ ಎಣಿಕೆ ಹೆಚ್ಚಾಗಿದ್ದರೆ ಎಣಿಕೆಯನ್ನೇ ನಂಬಿರಿ.

ಇವಲ್ಲದೆ, ಈ ಕೆಳಗಿನವುಗಳಲ್ಲಿ ಯಾವುದೇ ಒಂದು ಕಂಡರೂ 108ಕ್ಕೆ ಕರೆಮಾಡಿ ಆಂಬುಲೆನ್ಸ್ ತರಿಸಿಕೊಳ್ಳಿರಿ:

1. ಎದೆಯಲ್ಲಿ ನೋವು ಅಥವಾ ಬಿಗಿತ, ಒಂದು ವಾಕ್ಯವನ್ನು ಪೂರ್ತಿ ಹೇಳಲಾಗದಷ್ಟು ಉಬ್ಬಸ.
2. ತುಟಿ, ಉಗುರುಗಳು ನೀಲಿಗಟ್ಟುವುದು.
3. ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈಕಾಲು ಬಲಗುಂದುವುದು.
4. ಗುರುತು ತಪ್ಪುವುದು, ಎಚ್ಚರಿಸಿದರೂ ಏಳದಷ್ಟು ಮಂಪರು.
5. ಮೂತ್ರವು ಬಹಳ ಕಡಿಮೆಯಾಗುವುದು, ಒಂದು ಕಾಲು ಮಾತ್ರ ಊದಿ ನೋಯುವುದು.

ವಾಹನ ಬರುವವರೆಗೆ ರೋಗಿಯನ್ನು ಬೋರಲಾಗಿ ಮಲಗಿಸಿದರೆ ಬೆನ್ನಿನ ಕಡೆಯ ಗಾಳಿಚೀಲಗಳು ತೆರೆದುಕೊಂಡು ಆಮ್ಲಜನಕ ತುಸು ಏರುವುದುಂಟು. ಆದರೆ ಗರ್ಭಿಣಿಯರನ್ನೂ ಗಂಭೀರ ಹೃದ್ರೋಗಿಗಳನ್ನೂ ಬೋರಲಾಗಿ ಮಲಗಿಸಕೂಡದು. ಕಾಲಿನಲ್ಲಿ ಹೆಪ್ಪು ಇರುವ ಸಂಶಯವುಳ್ಳವರಿಗೂ ಇದು ತರವಲ್ಲ. ಗರ್ಭಿಣಿಯು ಎಡಮಗ್ಗುಲಾಗಿ ಮಲಗಲಿ. ಕರ್ಪೂರ, ಓಮ, ಲವಂಗಗಳ ಗಂಟನ್ನು ಮೂಸಿದರೆ ಆಮ್ಲಜನಕ ಏರುತ್ತದೆಂಬ ಮಾತು 2021ರಲ್ಲಿ ಬಹಳವಾಗಿ ಹಬ್ಬಿತ್ತು, ಅದರಲ್ಲಿ ಹುರುಳಿಲ್ಲ. ಅದನ್ನು ನಂಬಿ ಕಳೆದ ಒಂದೊಂದು ಗಂಟೆಯೂ ನಷ್ಟವೇ ಸರಿ.

ಲಸಿಕೆಯ ವಿಚಾರ

ನಮ್ಮ ದೇಶದಲ್ಲಿ 2021ರ ಜನವರಿ 16ರಂದು ಲಸಿಕೆ ಆರಂಭವಾಯಿತು. ಅದೇ ವರ್ಷದ ಜುಲೈ 2ರಂದು ಗರ್ಭಿಣಿಯರಿಗೂ ಅನುಮತಿ ದೊರೆಯಿತು. ಲಸಿಕೆ ಪಡೆದವರಿಗೆ ಸೋಂಕೇ ತಗಲದೆಂದಲ್ಲ. ಆದರೆ ಅದು ಅಂಗಾಂಗಗಳನ್ನು ಕೆಡಿಸುವ ಘಟ್ಟಕ್ಕೆ ಏರುವ ಸಂಭವವು ಬಹಳ ಕಡಿಮೆಯಾಗುತ್ತದೆ. ಲಸಿಕೆಯಿಂದ ಮಕ್ಕಳಾಗುವುದಿಲ್ಲವೆಂಬ ಸುಳ್ಳುಸುದ್ದಿಯನ್ನು ಕೇಳಿ ಅನೇಕ ದಂಪತಿಗಳು ಹಿಂಜರಿದರು. ಕೆಲವು ಹೆಂಗಸರ ಮುಟ್ಟಿನ ದಿನ ಒಂದೆರಡು ಸಲ ಹಿಂದುಮುಂದಾದುದುಂಟೇ ಹೊರತು, ಲಸಿಕೆಯಿಂದ ಫಲವಂತಿಕೆಗೆ ಹಾನಿಯಾಗಿಲ್ಲ. ಇದಕ್ಕೆ ಬದಲಾಗಿ, ಸೋಂಕು ತಗಲಿ ಜ್ವರ ಬಂದ ಗಂಡಸರಲ್ಲಿ ವೀರ್ಯಾಣುಗಳ ಸಂಖ್ಯೆಯು ಕೆಲವು ತಿಂಗಳ ಕಾಲ ಇಳಿಯುವುದು ಕಂಡುಬಂದಿದೆ. ಕೋವಿಶೀಲ್ಡ್‌ನಂತಹ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಬಂದುದನ್ನು ಮುಚ್ಚಿಡಬೇಕಾಗಿಲ್ಲ. ಸೋಂಕಿನಿಂದ ಆಗುವ ಅದೇ ತೊಂದರೆಯು ಅದಕ್ಕಿಂತ ಹಲವು ಪಟ್ಟು ಹೆಚ್ಚು. ಈಗ ತಮ್ಮ ವಯಸ್ಸಿಗೂ ಆರೋಗ್ಯಸ್ಥಿತಿಗೂ ಲಸಿಕೆ ಅವಶ್ಯಕವೇ ಎಂಬುದನ್ನು ವೈದ್ಯಾಧಿಕಾರಿಗಳನ್ನು ಕೇಳಿ ತಿಳಿದುಕೊಳ್ಳಿರಿ.

ಗುಣಮುಖರಾದ ನಂತರ

ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ರೋಗವು ಪೂರ್ತಿ ಮುಗಿಯಿತೆಂದಲ್ಲ. ಘಾಸಿಗೊಂಡ ಅಂಗಾಂಶವು ಗಾಯ ಮಾಗುವಂತೆ ನಿಧಾನವಾಗಿ ಮಾಗಬೇಕು. ಬಹುತೇಕ ಜನರ ಶ್ವಾಸಕೋಶವು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಕೆಲವರಲ್ಲಿ ಕಲೆ ಉಳಿದು ಗುಡ್ಡ ಹತ್ತುವಾಗ, ಭಾರ ಹೊರುವಾಗ ಉಸಿರು ಸಾಲದಾಗುತ್ತದೆ. ಆಯಾಸ, ಮರೆವು, ಎದೆಬಡಿತ ಮೂರು ತಿಂಗಳಾದರೂ ಕಡಿಮೆಯಾಗದಿದ್ದರೆ ಮತ್ತೆ ವೈದ್ಯರನ್ನು ಕಾಣಬೇಕು. ಅಂಥವರನ್ನು ಮೈಗಳ್ಳರೆಂದು ಹಳಿಯಬಾರದು. ಮೊದಲು ಅಂಗಳದಲ್ಲಿ ನಡಿಗೆ, ಆಮೇಲೆ ಹಗುರವಾದ ಕೆಲಸ, ಕಟ್ಟಕಡೆಗೆ ಹೊಲದ ದುಡಿಮೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಲಿ. ಹೆಂಡತಿ ಚೇತರಿಸಿಕೊಳ್ಳುವವರೆಗೆ ನೀರು ತರುವುದು, ಸೌದೆ ಒಡೆಯುವುದನ್ನು ಗಂಡ ವಹಿಸಿಕೊಂಡರೆ ಅವನ ಗೌರವಕ್ಕೆ ಕುಂದಿಲ್ಲ. ಬೇಳೆಕಾಳು, ಮೊಟ್ಟೆ, ಹಾಲು, ಸೊಪ್ಪುಗಳ ಆಹಾರ ಇಬ್ಬರಿಗೂ ಸಮನಾಗಿ ಸಿಗಲಿ. ಸಕ್ಕರೆ ಮತ್ತು ರಕ್ತದೊತ್ತಡದ ಪರೀಕ್ಷೆಯನ್ನು ತಪ್ಪದೆ ಮಾಡಿಸಿರಿ.

ತೀವ್ರ ಸೋಂಕಿನಿಂದ ಎದ್ದ ಹೆಣ್ಣಿನ ದೇಹಕ್ಕೆ ಬಸಿರಿನ ಭಾರ ಹೊರಲು ಕಾಲಾವಕಾಶ ಬೇಕು. ಹೃದಯ, ಮೂತ್ರಪಿಂಡಗಳು ಸುಸ್ಥಿತಿಗೆ ಬಂದಿವೆಯೆಂದು ವೈದ್ಯರು ಹೇಳುವವರೆಗೆ ಮುಂದಿನ ಗರ್ಭವನ್ನು ಮುಂದೂಡುವುದು ವಿವೇಕ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಾಲಾ-ಎನ್‌ನಂತಹ ನುಂಗುವ ಗುಳಿಗೆಗಳಲ್ಲಿರುವ ಈಸ್ಟ್ರೋಜನ್ ಅಂಶವು ರಕ್ತವು ಹೆಪ್ಪುಗಟ್ಟುವ ಸಂಭವವನ್ನು ತುಸು ಹೆಚ್ಚಿಸುತ್ತದೆ. ರಕ್ತ ಹೆಪ್ಪುಗಟ್ಟಿದ ತೊಂದರೆ ಅನುಭವಿಸಿದವರು ಅವನ್ನು ತೆಗೆದುಕೊಳ್ಳಕೂಡದು. ತೀವ್ರ ಕೊರೊನಾದಿಂದ ಗುಣವಾದ ಇತರರೂ ವೈದ್ಯರಿಗೆ ತಿಳಿಸದೆ ಆರಂಭಿಸಬಾರದು. ನಿರೋಧ್ ಮತ್ತು ಕಾಪರ್-ಟಿಗಳಿಂದ ಈ ತೊಂದರೆಯಿಲ್ಲ. ತಮಗೆ ಒಪ್ಪುವ ವಿಧಾನವನ್ನು ಆರೋಗ್ಯ ಕೇಂದ್ರದಲ್ಲಿ ಇಬ್ಬರೂ ಒಟ್ಟಿಗೆ ಹೋಗಿ ಕೇಳಿ ಆರಿಸಿಕೊಳ್ಳಿರಿ.

ಸೋದರ ಸೋದರಿಯರೇ, ಶ್ವಾಸಕೋಶ, ಹೃದಯ, ಮೂತ್ರಪಿಂಡಗಳ ವಿಷಯವಾಗಿ ನಾನು ಹೇಳಿದ ಎಲ್ಲವೂ ತಮಗೆ ನೆನಪಿರಲಾರದು, ಇರಬೇಕಾಗಿಯೂ ಇಲ್ಲ. ಆದರೆ ಇದೊಂದನ್ನು ಮರೆಯದಿರಿ. ಕೆಮ್ಮು, ಜ್ವರ ಬಂದವರು ಹೇಗಿದ್ದೀರಿ ಎಂದು ಕೇಳಿದರೆ ಚೆನ್ನಾಗಿದ್ದೇನೆ ಎಂದೇ ಹೇಳುತ್ತಾರೆ. ಆ ಮಾತನ್ನು ಕೇಳಿ ಸುಮ್ಮನಾಗದೆ, ಪಕ್ಕದಲ್ಲಿ ಕುಳಿತು ಒಂದು ನಿಮಿಷ ಅವರ ಉಸಿರನ್ನು ಎಣಿಸಿರಿ. ಇದು ಕೊರೊನಾಕ್ಕೆ ಮಾತ್ರವಲ್ಲ, ನ್ಯುಮೋನಿಯಾ ಮೊದಲಾದ ಇತರ ಶ್ವಾಸಕೋಶದ ರೋಗಗಳಿಗೂ ಅನ್ವಯಿಸುತ್ತದೆ. ಖರ್ಚಿಲ್ಲದ ಈ ಎಣಿಕೆಯನ್ನು ಪ್ರತಿಯೊಬ್ಬ ಪತಿಯೂ ಪ್ರತಿಯೊಬ್ಬ ಪತ್ನಿಯೂ ಇಂದೇ ಮನೆಗೆ ಹೋಗಿ ಒಮ್ಮೆ ಅಭ್ಯಾಸ ಮಾಡಿಕೊಳ್ಳಬೇಕೆಂದು ಕೋರುತ್ತೇನೆ.